ಸೂರಿಲ್ಲದ ಪಶ್ಚಿಮ ಗೋಡೆ: ಮಣ್ಣಿನ ಬ್ಲಾಕಿನ ಒಂದು ಮನೆಯ ಪ್ರಕರಣ

ಕನಕಪುರ ರಸ್ತೆ ಕಡೆಯ ಒಂದು ಬಡಾವಣೆ. 30-40ರ ಸೈಟು. ನೆಲ ಮಹಡಿ, ಅದರ ಮೇಲೆ ಇನ್ನೊಂದು ಮಹಡಿ. ಮನೆಯವರು ಹೈಸ್ಕೂಲಿನ ಮೇಷ್ಟ್ರು, ಅವರ ಹೆಂಡತಿ, ಇಬ್ಬರು ಮಕ್ಕಳು ಮತ್ತು ಮೇಷ್ಟ್ರ ತಾಯಿ. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗೋಡೆ, ಮಣ್ಣು, ಮಳೆಯ ವಿಷಯದಲ್ಲಿ ಏನನ್ನೂ ಬದಲಿಸಿಲ್ಲ. ಈ ಮನೆಗೆ ನಾನೇ ಎಂಜಿನಿಯರ್. ಇಲ್ಲಿ ಆದ ತಪ್ಪುಗಳಲ್ಲಿ ನನ್ನ ಪಾಲು ದೊಡ್ಡದು. ಅದಕ್ಕೇ ಬರೆಯುತ್ತಿದ್ದೇನೆ.

ಮೇಷ್ಟ್ರು ಮೊದಲ ಸಲ ಬಂದಾಗಲೇ ಮಣ್ಣಿನ ಬ್ಲಾಕಿನ ಮನೆ ಬೇಕು ಅಂದಿದ್ದರು. ಸುಟ್ಟ ಇಟ್ಟಿಗೆಗೆ ಎಷ್ಟು ಸೌದೆ ಉರಿಯುತ್ತದೆ, ಕೆರೆ ಬಯಲಿನ ಎಷ್ಟು ಮಣ್ಣು ಹೋಗುತ್ತದೆ ಅನ್ನೋದು ಅವರಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿ ಇದು ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ, 'ಅಸ್ತ್ರ' ಕೇಂದ್ರ ಶುರುವಾಯಿತು. ಅಲ್ಲಿಂದಲೇ ಸ್ವಲ್ಪ ಸಿಮೆಂಟ್ ಸೇರಿಸಿ, ಕೈಯಲ್ಲಿ ಒತ್ತಿ, ಸುಡದೆ ಮಾಡುವ ಮಣ್ಣಿನ ಬ್ಲಾಕಿನ ಕೆಲಸ ಊರೂರಿಗೆ ಹಬ್ಬಿತು. ಅಲ್ಲಿನ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಈ ಬ್ಲಾಕಿಗೆ 60ರಿಂದ 70% ಕಡಿಮೆ ಶಕ್ತಿ ಸಾಕು. ಈ ಲೆಕ್ಕವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮೇಷ್ಟ್ರಿಗೂ ಹೇಳಿದೆ.

ಒಪ್ಪದೇ ಇದ್ದವರು ಅಜ್ಜಿ ಒಬ್ಬರೇ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯಲ್ಲಿ, ಮಣ್ಣಿನ ಗೋಡೆಯ ಮನೆಯಲ್ಲೇ ಬೆಳೆದವರು. "ಆ ಮಣ್ಣಿನ ಮನೆಯಿಂದ ಈಚೆ ಬರೋಕೆ ನನ್ನ ಅರ್ಧ ಆಯಸ್ಸು ಹೋಯ್ತು. ಈಗ ಸಾಲ ಮಾಡಿ ಮತ್ತೆ ಮಣ್ಣಿನ ಮನೆ ಕಟ್ತೀರಾ?" ಅಂದರು. ಅದು ಬೇರೆ, ಇದು ಬೇರೆ ಅಂತ ನಾನು ವಿವರಿಸಿದೆ. ಅವರು ಸುಮ್ಮನಾದರು. ಆ ದಿನ ಅವರ ಹಳ್ಳಿ ಮನೆಯ ಬಗ್ಗೆ ಇನ್ನೂ ನಾಲ್ಕು ಮಾತು ಕೇಳಿದ್ದರೆ ಚೆನ್ನಾಗಿತ್ತು.

ಮೊದಲ 5,000 ಬ್ಲಾಕು

2021ರ ಫೆಬ್ರವರಿಯಲ್ಲಿ ಪಾಯ ಅಗೆದೆವು. ಮೇಲಿನ ನಾಲ್ಕಡಿ ಒಳ್ಳೆಯ ಕೆಂಪು ಮಣ್ಣು. ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟೆ. ಮರಳು ತಕ್ಷಣ ತಳಕ್ಕೆ ಕೂರುತ್ತದೆ. ಅದರ ಮೇಲೆ ನಯವಾದ ಹೂಳು. ಜೇಡಿ ಮಾತ್ರ ನಿಧಾನ, ಮಾರನೇ ದಿನದವರೆಗೂ ನೀರು ಕದಡಿದಂತೆಯೇ ಇರುತ್ತದೆ. ನಮ್ಮ ಮಣ್ಣಿನಲ್ಲಿ ಜೇಡಿ ಜಾಸ್ತಿ ಇತ್ತು. ಲ್ಯಾಬಿನ ವರದಿಯೂ ಸುಮಾರು 30% ಅಂತ ಬಂತು. ಇಂಥ ಮಣ್ಣನ್ನು ಹಾಗೇ ಒತ್ತಿದರೆ ಬ್ಲಾಕು ಒಣಗುವಾಗ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಒಂದು ಪಾಲು ಮಣ್ಣಿಗೆ ಒಂದು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಸೇರಿಸಿ ಜೇಡಿಯನ್ನು 15%ಗೆ ಇಳಿಸಿದೆವು. ಸಿಮೆಂಟ್ 7%.

ಬ್ಲಾಕಿನ ಅಳತೆ 230, 190, 100 ಮಿ.ಮೀ. ತೂಕ ಸುಮಾರು 8 ಕೆಜಿ. 50 ಕೆಜಿಯ ಒಂದು ಚೀಲ ಸಿಮೆಂಟಿಗೆ ಹೆಚ್ಚೂಕಮ್ಮಿ 90 ಬ್ಲಾಕು. ರಾಯಚೂರು ಕಡೆಯ ಆರು ಜನರ ತಂಡ ಕೈ ಪ್ರೆಸ್ಸಿನಲ್ಲಿ ದಿನಕ್ಕೆ 400ರ ಲೆಕ್ಕದಲ್ಲಿ ಮಾಡುತ್ತಿತ್ತು.

ಈ ಕೆಲಸದಲ್ಲಿ ನೋಡುವವರ ಕಣ್ಣಿಗೆ ಬೀಳುವುದು ಪ್ರೆಸ್ಸು. ಉದ್ದನೆಯ ಹಿಡಿಕೆ, ಇಬ್ಬರು ನೇತುಬಿದ್ದು ಒತ್ತುವುದು, ಮುಚ್ಚಳ ತೆಗೆದ ತಕ್ಷಣ ಚೂಪು ಅಂಚಿನ ಬ್ಲಾಕು ಮೇಲೆ ಬರುವುದು. ಆದರೆ ಬ್ಲಾಕಿನ ಹಣೆಬರಹ ಬರೆಯುವುದು ಪಕ್ಕದಲ್ಲಿರುವ ತಕ್ಕಡಿ. ಪ್ರತಿ ಬ್ಲಾಕಿಗೂ ಹಾಕುವ ಹಸಿ ಮಿಶ್ರಣ ಅಷ್ಟೇ ತೂಕ ಇರಬೇಕು. ಅಚ್ಚಿನ ಗಾತ್ರ ಬದಲಾಗುವುದಿಲ್ಲ. ಮಣ್ಣು 300 ಗ್ರಾಂ ಕಡಿಮೆ ಬಿದ್ದರೆ ಬ್ಲಾಕಿನ ಅಳತೆ ಅದೇ ಇರುತ್ತದೆ, ಒಳಗೆ ಮಾತ್ರ ಪೊಳ್ಳು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೊದಲ ತಿಂಗಳು ತಂಡದ ಒಬ್ಬ ಹುಡುಗನಿಗೆ ತೂಕ ಮಾಡುವುದೊಂದೇ ಕೆಲಸ ಕೊಟ್ಟಿದ್ದೆವು.

ಒತ್ತಿದ ಬ್ಲಾಕನ್ನು ನೆರಳಲ್ಲಿ ಜೋಡಿಸಿ, ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ, 28 ದಿನ ಕ್ಯೂರಿಂಗ್ ಮಾಡಿದೆವು. ನಂತರ ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ಲ್ಯಾಬಿನಲ್ಲಿ ಒಡೆಸಿದಾಗ ಹಸಿ ಬಲ, ಅಂದರೆ ನೆನೆದ ಬ್ಲಾಕು ಒಡೆಯುವ ಮೊದಲು ತಡೆದ ಒತ್ತಡ, 4.2 ಎಂಪಿಎ (ಒತ್ತಡದ ಅಳತೆ, ಮೆಗಾಪ್ಯಾಸ್ಕಲ್) ಬಂತು. ನಮಗೆ ಬೇಕಿದ್ದದ್ದು ಕನಿಷ್ಠ 3.5. ನೀರು ಹೀರಿದ್ದು 12%. ನಾವು ಇಟ್ಟುಕೊಂಡಿದ್ದ ಮಿತಿ 15%. ಮಣ್ಣಿನ ಬ್ಲಾಕಿನ ವಿಷಯದಲ್ಲಿ ಒಣಗಿದಾಗಿನ ಬಲ ನೋಡಿ ಖುಷಿಪಡಬಾರದು. ನೆನೆದಾಗ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಅರ್ಧವೇ ಲೆಕ್ಕಕ್ಕೆ ಬರುವ ಸಂಖ್ಯೆ.

ಉಳಿದ 2,500

ಮನೆಗೆ ಒಟ್ಟು 7,500 ಬ್ಲಾಕು ಬೇಕಿತ್ತು. ಮೇಲಿನ ಕೆಂಪು ಮಣ್ಣು 5,000ಕ್ಕೇ ಮುಗಿಯಿತು. ಅಷ್ಟರಲ್ಲಿ ಸಂಪು ಮತ್ತು ಮಳೆನೀರು ತೊಟ್ಟಿಯ ಗುಂಡಿ ಎಂಟು ಅಡಿ ಇಳಿದಿತ್ತು. ಅದರ ಮಣ್ಣು ಸೈಟಿನ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಹಳದಿ ಮಿಶ್ರಿತ ಬಿಳಿ ಬಣ್ಣ. ಮುಟ್ಟಿದರೆ ಹಿಟ್ಟಿನ ಹಾಗೆ ನುಣುಪು. ಬಿಸಿಲಿಗೆ ಹಿಡಿದರೆ ಕಾಗೆಬಂಗಾರ ಮಿಣಮಿಣ ಅನ್ನುತ್ತಿತ್ತು. ಬೆಂಗಳೂರಿನ ನೆಲದ ಕೆಳಗಿರುವ ನೈಸ್ (gneiss) ಅನ್ನುವ ಬಂಡೆಕಲ್ಲು ಕೊಳೆತು ಹೀಗಾಗುತ್ತದೆ. ನೋಡಲು ಮಣ್ಣೇ. ಗುಣದಲ್ಲಿ ಮೇಲಿನ ಕೆಂಪು ಮಣ್ಣಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದರಲ್ಲಿ ಹಿಡಿದಿಡುವ ಜೇಡಿ ಕಡಿಮೆ, ನೀರು ಹೀರುವ ಹೂಳು ಜಾಸ್ತಿ. ಕಾಗೆಬಂಗಾರದ ತೆಳು ಪದರಗಳು ಒತ್ತಿದಾಗ ಬಾಗುತ್ತವೆ, ಬಿಟ್ಟಾಗ ಮತ್ತೆ ಎದ್ದು ನಿಲ್ಲುತ್ತವೆ.

ಇದನ್ನು ನನಗಿಂತ ಮೊದಲು ಗಮನಿಸಿದವನು ಪ್ರೆಸ್ಸಿನ ತಂಡದ ಮುಖ್ಯಸ್ಥ. "ಸರ್, ಈ ಮಣ್ಣು ಒತ್ತಿದ್ರ ಒತ್ತಂಗಿಲ್ರಿ. ತಿರುಗಿ ಮ್ಯಾಲ ಏಳ್ತದ್ರಿ" ಅಂದ. ಒಂದು ಬ್ಲಾಕು ತಂದು ಅಂಚು ತೋರಿಸಿದ. ಅಡ್ಡಕ್ಕೆ ಕೂದಲೆಳೆಯಷ್ಟು ಬಿರುಕು. ನಾನು ಉಗುರಿನಿಂದ ಗೀರಿ ನೋಡಿದೆ. "ಹಸಿ ಇದೆ, ಒಣಗಿದ ಮೇಲೆ ಸರಿಹೋಗುತ್ತೆ" ಅಂದೆ.

ಈ ಪ್ರಕರಣದ ಮೊದಲ ತಿರುವು ಅದೇ. ಬಾಟಲಿ ಪರೀಕ್ಷೆಗೆ ಒಂದು ದಿನ ಸಾಕಿತ್ತು, ನಾನು ಮಾಡಿಸಲಿಲ್ಲ. ಹಳೆಯ ಅಳತೆಯಲ್ಲೇ ಎಂ-ಸ್ಯಾಂಡ್ ಬೆರೆಸಿ, ಅದೇ 7% ಸಿಮೆಂಟ್ ಹಾಕಿಸಿದೆ. ಸುತ್ತಲೂ ಆತುರ ಇತ್ತು, ನಿಜ. 2021ರ ಏಪ್ರಿಲ್ ಅದು. ಕೋವಿಡ್ಡಿನ ಎರಡನೇ ಅಲೆ. ಯಾವ ದಿನ ಎಲ್ಲ ಮುಚ್ಚುತ್ತಾರೋ ಅನ್ನುವ ಭಯ. ತಂಡದವರಿಗೆ ಊರು ಸೇರಿಕೊಂಡರೆ ಸಾಕಾಗಿತ್ತು. ಬೇಗ ಮುಗಿಯಲಿ ಅಂತ ತಕ್ಕಡಿ ಪಕ್ಕಕ್ಕಿಟ್ಟು ಬಾಣಲಿ ಲೆಕ್ಕದಲ್ಲಿ ಮಣ್ಣು ಸುರಿದರು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಬಂದ್ ಆಯಿತು. ಕೊನೆಯ ಬ್ಲಾಕುಗಳಿಗೆ ಆಗ ಒಂದು ವಾರ ಕೂಡ ತುಂಬಿರಲಿಲ್ಲ. ಸೈಟಿನಲ್ಲಿ ನೀರು ಹಾಕುವವರೇ ಇರಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಗೋಣಿಚೀಲ ಒಣಗಿ ಗರಿಗರಿಯಾಗಿತ್ತು.

ಕೆಲಸ ಮತ್ತೆ ಶುರುವಾದಾಗ ಜುಲೈ. ನೆಲ ಮಹಡಿ ಪೂರ್ತಿ ಮೊದಲ ಬ್ಲಾಕಿನಲ್ಲೇ ಎದ್ದಿತು, ಮೇಲಿನ ಮಹಡಿಯ ಮೂರು ಗೋಡೆಗಳೂ ಅದರಲ್ಲೇ ಮುಗಿದವು. ಎರಡನೇ ರಾಶಿ ಹೋಗಿದ್ದು ಮೇಲಿನ ಮಹಡಿಯ ಪಶ್ಚಿಮ ಗೋಡೆಗೆ ಮತ್ತು ಪ್ಯಾರಪೆಟ್ಟಿಗೆ, ಅಂದರೆ ತಾರಸಿ ಅಂಚಿನ ಗಿಡ್ಡ ಗೋಡೆಗೆ. ಗಾರೆ ಮೇಸ್ತ್ರಿ ಕೋಲಾರದ ಕಡೆಯವರು, ವಯಸ್ಸಾದವರು. ಕಟ್ಟುವ ಮೊದಲು ಬ್ಲಾಕನ್ನು ನೀರಲ್ಲಿ ಅದ್ದಿ ತೆಗೆಯುವಾಗ ಒಂದು ಮಾತು ಹೇಳಿದರು. "ಈ ಬ್ಲಾಕು ಜಾಸ್ತಿ ನೀರು ಕುಡೀತದೆ ಸಾರ್." ಎರಡನೇ ಸಲ ಎಚ್ಚರಿಕೆ ಬಂದಿತ್ತು. ಎರಡನೇ ಸಲವೂ ನಾನು ನಿಲ್ಲಿಸಲಿಲ್ಲ.

ಇನ್ನೊಂದು ನಿರ್ಧಾರ ಇದಕ್ಕೂ ಮುಂಚೆ ನಕ್ಷೆಯಲ್ಲೇ ಆಗಿತ್ತು. ಪಶ್ಚಿಮದ ಕಡೆ ಬಿಟ್ಟಿದ್ದ ಜಾಗ ಮೂರೇ ಅಡಿ. ಅಲ್ಲಿ ಗೋಡೆಯುದ್ದಕ್ಕೂ ಇದ್ದ ಸಜ್ಜಾವನ್ನು ತೆಗೆದು, ಕಿಟಕಿ ಮೇಲೆ ಮಾತ್ರ ಚಿಕ್ಕದೊಂದು ಉಳಿಸಿದ್ದೆ. ಮೇಷ್ಟ್ರಿಗೆ ಸ್ವಲ್ಪ ದುಡ್ಡು ಉಳಿಯಿತು. ನಕ್ಷೆಯೂ ನೋಡಲು ಚೊಕ್ಕ ಆಯಿತು.

ಮಳೆ

2022ರ ಫೆಬ್ರವರಿಯಲ್ಲಿ ಗೃಹಪ್ರವೇಶ. ಮೇ ತಿಂಗಳಲ್ಲೇ ಜೋರು ಮಳೆ ಶುರುವಾಯಿತು. ಆ ವರ್ಷದ ಮಳೆಯನ್ನು ಬೆಂಗಳೂರಿನವರು ಮರೆಯುವ ಹಾಗಿಲ್ಲ. ಹಿಂದಿನ ದಾಖಲೆ 2017ರ 1,696 ಮಿ.ಮೀ. ಅದು ಅಕ್ಟೋಬರ್ ಮಧ್ಯದಲ್ಲೇ ಮುರಿದು ಹೋಯಿತು. ಜೂನ್ ಬಂದ ಮೇಲೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹನಿ ನೇರ ಬೀಳುವುದಿಲ್ಲ, ಗೋಡೆಗೆ ಹೊಡೆಯುತ್ತದೆ. ಸೂರಿಲ್ಲದ ಆ ಗೋಡೆ ಪೂರ್ತಿ ಮಳೆಯನ್ನು ಮೈಮೇಲೆ ತೆಗೆದುಕೊಂಡಿತು.

ಜೂನ್ ಕೊನೆಯಲ್ಲಿ ಮಕ್ಕಳ ಕೋಣೆಯ ಒಳಗೋಡೆಯಲ್ಲಿ ಒಂದು ಕಲೆ ಕಾಣಿಸಿತು. ತಟ್ಟೆಯಷ್ಟು ಅಗಲ. ಹದಿನೈದು ದಿನದಲ್ಲಿ ಚಾಪೆಯಷ್ಟಾಯಿತು. ನಾನು ಆಗ ಬೇರೆ ಊರಿನ ಕೆಲಸದಲ್ಲಿದ್ದೆ. ಫೋನಿನಲ್ಲಿ, ಮಳೆ ನಿಲ್ಲಲಿ ನೋಡೋಣ ಅಂದೆ. ಮನೆಯವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮಕ್ಕಳಿಗೆ ಕೆಮ್ಮು, ಹಾಸಿಗೆಯಲ್ಲೆಲ್ಲ ಮುಗ್ಗಲು ವಾಸನೆ. ನೆಂಟರು ಹೇಳಿದರು, ಪಕ್ಕದ ಮನೆಯವರು ಹೇಳಿದರು. ಒಬ್ಬ ಕಂಟ್ರಾಕ್ಟರ್ ಬಂದು ನಾಲ್ಕು ದಿನ ಬಿಸಿಲು ಬಿದ್ದಾಗ ಹೊರಗಿನಿಂದ 1:4ರ (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಸಿಮೆಂಟ್ ಗಾರೆ ಬಡಿದು, ಮೇಲೆ ನೀರು ನಿಲ್ಲಿಸುವ ಪೇಂಟ್ ಎರಡು ಕೋಟು ಹೊಡೆದುಹೋದ.

ಒಂದು ತಿಂಗಳು ಎಲ್ಲ ಸರಿಹೋದ ಹಾಗೆ ಕಂಡಿತು. ಅಕ್ಟೋಬರಿನಲ್ಲಿ ಗಾರೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ನಾನು ಹೋಗಿ ಬೆರಳ ಗೆಣ್ಣಿನಿಂದ ತಟ್ಟಿದೆ. ಖಾಲಿ ಡಬ್ಬದ ಸದ್ದು. ಒಂದು ಕಡೆ ಉಳಿಯಿಂದ ಎಬ್ಬಿಸಿದರೆ ಎರಡಡಿ ಅಗಲದ ಹಾಳೆ ಹಾಳೆಯಾಗಿ ಕೈಗೆ ಬಂತು. ಅದರ ಬೆನ್ನಿಗೆ ಬ್ಲಾಕಿನ ಮಣ್ಣು ಅಂಟಿಕೊಂಡಿತ್ತು. ಗೋಡೆಯ ಮೈಗೆ ಹೆಬ್ಬೆರಳು ಒತ್ತಿದರೆ ಅಚ್ಚು ಮೂಡುತ್ತಿತ್ತು.

ಆದದ್ದು ಇಷ್ಟು. ಪ್ಯಾರಪೆಟ್ಟಿನ ನೆತ್ತಿಗೆ ಕೋಪಿಂಗ್ (ನೀರು ಇಳಿಯದಂತೆ ಹಾಕುವ ಮುಚ್ಚಳ) ಇರಲಿಲ್ಲ, ಬರೀ ಗಾರೆ ಸವರಿತ್ತು. ಅದು ಬಿರಿದು ನೀರು ಮೇಲಿನಿಂದ ಗೋಡೆಯ ಒಳಗೇ ಇಳಿಯುತ್ತಿತ್ತು. ಕಂಟ್ರಾಕ್ಟರ್ ಗಾರೆ ಹಾಕುವ ಮೊದಲು, ಒಳಗೆ ಹೋದ ನೀರು ಬಿಸಿಲು ಬಂದಾಗ ಹೊರಮೈಯಿಂದ ಆರಿಹೋಗುತ್ತಿತ್ತು. ಗಟ್ಟಿ ಗಾರೆ ಮತ್ತು ಪೇಂಟು ಆ ದಾರಿಯನ್ನು ಮುಚ್ಚಿದವು. ಹಸಿ ಗೋಡೆಗೆ ಹಾಕಿದ್ದರಿಂದ ಒಳಗಿನ ನೀರೂ ಅಲ್ಲೇ ಸಿಕ್ಕಿಕೊಂಡಿತು. ಕೆಳಗಿನ ಮೆತ್ತನೆ ಬ್ಲಾಕಿಗಿಂತ ಮೇಲಿನ ಗಾರೆ ಬಹಳ ಗಟ್ಟಿ. ಅದು ಒಣಗಿ ಕುಗ್ಗಿದಾಗ ಬ್ಲಾಕಿನ ಮೈಯನ್ನೇ ಕಿತ್ತುಕೊಂಡು ಬಂತು. ಗಟ್ಟಿಯಾದದ್ದನ್ನು ಮೇಲೆ ಹಾಕಿದರೆ ರಕ್ಷಣೆ ಜಾಸ್ತಿ ಅಂತ ಎಲ್ಲರೂ ನಂಬುತ್ತಾರೆ. ಮಣ್ಣಿನ ಗೋಡೆಯ ವಿಷಯದಲ್ಲಿ ಅದು ತಿರುಗುಮುರುಗು.

ಅಷ್ಟರಲ್ಲಿ ಬೀದಿಯಲ್ಲಿ ಮಾತು ಹಬ್ಬಿತ್ತು, ಮಣ್ಣಿನ ಮನೆ ಕರಗುತ್ತಿದೆ ಅಂತ. ಅದೇ ಮನೆಯ ನೆಲ ಮಹಡಿ, ಪೂರ್ವ, ಉತ್ತರ, ದಕ್ಷಿಣದ ಗೋಡೆಗಳು ಗಾರೆಯೇ ಇಲ್ಲದೆ ಆ ಮಳೆಯನ್ನು ದಾಟಿದ್ದವು. ಅವುಗಳ ಮೇಲೆ ಪ್ರೆಸ್ಸಿನ ಅಚ್ಚಿನ ಗೆರೆ ಕೂಡ ಹಾಗೇ ಇತ್ತು. ಅದನ್ನು ಯಾರೂ ನೋಡಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಜಾರು.

ಕೆಡವುವುದಾ, ಉಳಿಸುವುದಾ

ಗೋಡೆಯಿಂದ ಆರು ಬ್ಲಾಕು ಬಿಡಿಸಿ ಲ್ಯಾಬಿಗೆ ಕಳಿಸಿದೆ. ನೀರು ಹೀರಿದ್ದು 19%. ಹಸಿ ಬಲ ಸರಾಸರಿ 2.3 ಎಂಪಿಎ. ಇರಬೇಕಾದ್ದಕ್ಕಿಂತ ಬಹಳ ಕಡಿಮೆ. ಆ ರಾತ್ರಿ ನಿದ್ದೆ ಬರಲಿಲ್ಲ. ಒಳಗೆ ಮಕ್ಕಳು ಮಲಗುವ ಗೋಡೆ ಅದು.

ಮಾರನೇ ದಿನ ನಕ್ಷೆ ಹರಡಿ ಭಾರ ಎಲ್ಲಿಗೆ ಹೋಗುತ್ತದೆ ನೋಡಿದೆ. ಮೇಲಿನ ಮಹಡಿಯ ತಾರಸಿಯ ಕಬ್ಬಿಣ ಉತ್ತರ-ದಕ್ಷಿಣ ಓಡುತ್ತದೆ. ಹಾಗಾಗಿ ತಾರಸಿಯ ಭಾರ ಆ ಎರಡು ಗೋಡೆ ಮತ್ತು ನಡುಗೋಡೆಯ ಮೇಲೆ ಕೂರುತ್ತದೆ. ಪಶ್ಚಿಮ ಗೋಡೆ ಹೊರುವುದು ತನ್ನ ಭಾರ, ಪ್ಯಾರಪೆಟ್ಟು, ತಾರಸಿಯ ಅಂಚಿನ ಸ್ವಲ್ಪ ಪಾಲು. ಒತ್ತಡ 0.2 ಎಂಪಿಎಗಿಂತ ಕಡಿಮೆ. ನನ್ನ ಲೆಕ್ಕವನ್ನು ನಾನೇ ನಂಬಿ ಕೂರುವ ಸ್ಥಿತಿಯಲ್ಲಿ ಇರಲಿಲ್ಲ. ಇದಕ್ಕೆ ಸಂಬಂಧವೇ ಇಲ್ಲದ ಒಬ್ಬ ಹಿರಿಯ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಕೊಟ್ಟು ಮತ್ತೆ ಲೆಕ್ಕ ಹಾಕಿಸಿದೆ. ಅವರೂ ಸದ್ಯಕ್ಕೆ ಅಪಾಯವಿಲ್ಲ ಅಂದರು. ಆದರೆ ಎರಡು ಷರತ್ತು ಹಾಕಿದರು. ಆ ಗೋಡೆಯ ಮೇಲಿದ್ದ 1,000 ಲೀಟರಿನ ನೀರಿನ ಟ್ಯಾಂಕು ಅವತ್ತೇ ಇಳಿಯಬೇಕು. ಗೋಡೆ ಮತ್ತೆ ನೆನೆಯಬಾರದು.

ನೆನೆಯದ ಹಾಗೆ ಮಾಡುವುದು ಹೇಗೆ? ಗೋಡೆ ಒಡೆದು ಸಾಲಿಡ್ ಬ್ಲಾಕಿನಲ್ಲಿ ಕಟ್ಟುವುದು ಒಂದು ದಾರಿ. ಮೇಷ್ಟ್ರು ಆ ಕಡೆಗೇ ವಾಲಿದ್ದರು. ಗಾರೆ ಕಿತ್ತು ಇನ್ನೂ ಒಳ್ಳೆಯ ಪೇಂಟು ಹೊಡೆಯುವುದು ಇನ್ನೊಂದು. ನಾವು ಮೂರು ಜನ ಹಿತ್ತಿಲಲ್ಲಿ ನಿಂತು ಮಾತಾಡುತ್ತಿದ್ದಾಗ ಅಜ್ಜಿ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದರು.

"ನಮ್ಮೂರ ಮನೇಲಿ ಸೂರು ಗೋಡೆಯಿಂದ ಒಂದು ಮೊಳ ಈಚೆಗಿತ್ತು ಕಣಪ್ಪಾ. ಮಳೆ ನೀರು ಜಗುಲಿ ದಾಟಿ ಬೀಳ್ತಿತ್ತು. ನಿಮ್ಮ ಗೋಡೆಗೆ ಸೂರೇ ಇಲ್ಲವಲ್ಲ, ಅದು ಇನ್ನೇನು ಮಾಡೀತು?"

ಮಣ್ಣಿನ ಮನೆ ಬೇಡ ಅಂದಿದ್ದ ಅಜ್ಜಿ ಆ ಗೋಡೆಯ ಪರವಾಗಿ ಆಡಿದ ಮಾತದು. ನಾವು ಬ್ಲಾಕಿನ ಮೇಲೆ ಏನು ಬಳಿಯೋದು ಅಂತ ಯೋಚಿಸುತ್ತಿದ್ದೆವು. ಅವರು ಮಳೆ ಗೋಡೆಯನ್ನು ಮುಟ್ಟುವ ಮೊದಲೇ ತಡೆಯೋದನ್ನು ಯೋಚಿಸುತ್ತಿದ್ದರು. ನಾನು ನಕ್ಷೆಯಿಂದ ಅಳಿಸಿದ್ದ ಸಜ್ಜಾವೇ ಅದು.

2023ರ ಜನವರಿಯಲ್ಲಿ ಕೆಲಸ ಶುರು ಮಾಡಿದೆವು. ಮೊದಲು ಸಿಮೆಂಟ್ ಗಾರೆ ಪೂರ್ತಿ ಕಿತ್ತು ಎರಡು ತಿಂಗಳು ಗೋಡೆಯನ್ನು ಸುಮ್ನೆ ಬಿಟ್ಟೆವು. ಒಣಗಲು ಕೊಟ್ಟ ಈ ಎರಡು ತಿಂಗಳೇ ಇಡೀ ರಿಪೇರಿಯಲ್ಲಿ ಹೆಚ್ಚು ಕೆಲಸ ಮಾಡಿದ್ದು ಅಂತ ನನ್ನ ಅನಿಸಿಕೆ. ಮನೆಯವರಿಗೆ ಮಾತ್ರ ಏನೂ ನಡೆಯುತ್ತಿಲ್ಲ ಅನ್ನುವ ಸಂಕಟ. ದಿನಾ ಫೋನ್ ಬರುತ್ತಿತ್ತು. ಪ್ಯಾರಪೆಟ್ಟು ಪೂರ್ತಿ ತೆಗೆದು, ಮೊದಲ ರಾಶಿಯಲ್ಲಿ ಉಳಿದಿದ್ದ ಮತ್ತು ಬೇರೆ ಕಡೆಯಿಂದ ಪರೀಕ್ಷಿಸಿ ತಂದ ಬ್ಲಾಕಿನಲ್ಲಿ ಕಟ್ಟಿದೆವು. ಅದರ ನೆತ್ತಿಗೆ ಒಳಗಡೆ ಇಳಿಜಾರಿರುವ ಕಾಂಕ್ರೀಟ್ ಕೋಪಿಂಗ್. ಎರಡೂ ಬದಿ ಮೂರು ಇಂಚು ಮುಂದೆ, ಕೆಳಗೆ ಹನಿ ಗೋಡೆಗೆ ಹರಿಯದಂತೆ ಒಂದು ಗೆರೆ. ಕಿಟಕಿಯ ಕೆಳಗಿನ ಎರಡು ವರಸೆ ತೀರಾ ಮೆತ್ತಗಾಗಿತ್ತು, ಒಂದೊಂದೇ ಬ್ಲಾಕು ಬಿಡಿಸಿ ಬದಲಾಯಿಸಿದೆವು. ಗೋಡೆಯುದ್ದಕ್ಕೂ ಎರಡಡಿ ಮುಂದೆ ಬರುವ ಮಂಗಳೂರು ಹೆಂಚಿನ ಸಜ್ಜಾ ಕೂರಿಸಿದೆವು. ಮೂರಡಿ ಜಾಗದಲ್ಲಿ ಅದು ಹಿಡಿಸಿತು. ಸಜ್ಜಾದ ಕಂಬಿಗಳನ್ನು ಮೆತ್ತನೆಯ ಬ್ಲಾಕಿಗೆ ಹೊಡೆಯದೆ ತಾರಸಿಯ ಕಾಂಕ್ರೀಟ್ ಅಂಚಿಗೆ ಬಿಗಿದೆವು. ಹೊರಮೈಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಸುಣ್ಣ, ಒಂಬತ್ತು ಪಾಲು ಮರಳಿನ ಮೆದು ಗಾರೆ. ಅದರ ಮೇಲೆ ಪೇಂಟು ಬೇಡ ಅಂದು ಸುಣ್ಣ ಹೊಡೆಸಿದೆವು. ನೀರು ಒಳಗೆ ಹೋದರೂ ಹೊರಗೆ ಬರಲು ದಾರಿ ಇರಲಿ ಅಂತ.

ಸುಟ್ಟ ಇಟ್ಟಿಗೆ ಬಿಟ್ಟು ಸ್ವಂತ ಮಣ್ಣಿನ ಬ್ಲಾಕು ಮಾಡಿ ಮೇಷ್ಟ್ರು ಉಳಿಸಿದ್ದ ದುಡ್ಡಿನಲ್ಲಿ ಮುಕ್ಕಾಲು ಪಾಲು ಈ ರಿಪೇರಿಗೇ ಹೋಗುತ್ತಿತ್ತು. ನನ್ನ ಪಾಲಿನ ತಪ್ಪಿನ ಖರ್ಚನ್ನು ನಾನು ಹಾಕಿಕೊಂಡೆ. ಆದರೂ ಅವರು ಆ ಮಳೆಗಾಲ ಪಟ್ಟ ಪಾಡನ್ನು ಹಿಂದಕ್ಕೆ ಕೊಡಲು ಆಗುವುದಿಲ್ಲ.

ಈಗ

2023ರಲ್ಲಿ ಮಳೆ ಕಡಿಮೆ, ಗೋಡೆ ಒಣಗೇ ಇತ್ತು. ಅದನ್ನು ನಾನು ಪರೀಕ್ಷೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2024ರ ಅಕ್ಟೋಬರಿನಲ್ಲಿ ಬೆಂಗಳೂರು ಮತ್ತೆ ಮುಳುಗುವಷ್ಟು ಮಳೆ ಬಂತು. ಆ ವಾರ ಎರಡು ಸಲ ಹೋಗಿ ಒಳಗೋಡೆ ಮುಟ್ಟಿ ನೋಡಿದೆ. ಕಿಟಕಿಯ ಬಲಮೂಲೆಯಲ್ಲಿ ಅಂಗೈ ಅಗಲದ ತೇವ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅದು ಕಿಟಕಿ ಚೌಕಟ್ಟಿನ ಸಂದು, ಆಮೇಲೆ ಮುಚ್ಚಿಸಿದೆವು.

ನನ್ನ ಕೆಲಸದ ರೀತಿಯಲ್ಲಿ ಕೆಲವು ಬದಲಾವಣೆ ಆಗಿದೆ. ಗುಂಡಿಯಲ್ಲಿ ಮಣ್ಣಿನ ಬಣ್ಣ ಬದಲಾದ ಕಡೆ ಸುಣ್ಣದ ಗೆರೆ ಎಳೆಸುತ್ತೇನೆ. ಗೆರೆಯ ಮೇಲಿನದು ಒಂದು ರಾಶಿ, ಕೆಳಗಿನದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಬಾಟಲಿ. ಕೊಳೆತ ಕಲ್ಲಿನ ಮಣ್ಣು ಬಂದರೆ ಅದನ್ನು ಪಾಯ ತುಂಬಿಸಲು ಬಳಸಿ, ಬ್ಲಾಕಿಗೆ ಹೊರಗಿನಿಂದ ಕೆಂಪು ಮಣ್ಣು ತರಿಸುತ್ತೇನೆ. ಬ್ಲಾಕಿನ ಮೇಲೆ ಒತ್ತಿದ ತಾರೀಖು ಗೀಚಿಸುತ್ತೇನೆ. 28 ದಿನ ಆಗದ ಬ್ಲಾಕು ಗೋಡೆಗೆ ಹೋಗುವ ಹಾಗಿಲ್ಲ. ಪಶ್ಚಿಮದಲ್ಲಿ ಸಜ್ಜಾಗೆ ಜಾಗ ಇಲ್ಲದ ಸೈಟಾದರೆ ಆ ಒಂದು ಗೋಡೆಗೆ ಮಣ್ಣಿನ ಬ್ಲಾಕು ಬೇಡ ಅಂತ ಮೊದಲೇ ಹೇಳುತ್ತೇನೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ. ಮನೆ ಪೂರ್ತಿ ಒಂದೇ ಥರ ಕಾಣಬೇಕು ಅನ್ನುತ್ತಾರೆ. ಆಗ ಈ ಗೋಡೆಯ ಫೋಟೋ ತೋರಿಸುತ್ತೇನೆ. ಪ್ರೆಸ್ಸಿನವರಾಗಲಿ ಮೇಸ್ತ್ರಿಯಾಗಲಿ "ಈ ಮಣ್ಣು ಬೇರೆ ಥರ ಇದೆ" ಅಂದರೆ ಆ ದಿನದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಅವರ ಕೂಲಿ ನಿಲ್ಲುವುದಿಲ್ಲ. ಕೂಲಿ ಹೋಗುತ್ತದೆ ಅನ್ನುವ ಭಯ ಇದ್ದರೆ ಯಾರು ತಾನೇ ಹೇಳುತ್ತಾರೆ, ಅಲ್ವಾ?

ಮೇಷ್ಟ್ರ ಮನೆಯ ಕಾಂಪೌಂಡಿನ ಪಕ್ಕ, ಬಯಲಿನಲ್ಲಿ, ಎರಡೂ ರಾಶಿಯ ಹತ್ತು ಹತ್ತು ಬ್ಲಾಕು ಇಟ್ಟಿದ್ದೇವೆ. ಮೇಲೆ ಏನೂ ಮುಚ್ಚಿಲ್ಲ. ಮೇಷ್ಟ್ರು ಮಕ್ಕಳಿಂದ ಅವಕ್ಕೆ ನಂಬರ್ ಬರೆಸಿದ್ದಾರೆ. ಮೊದಲ ರಾಶಿಯವುಗಳ ಅಂಚು ಇನ್ನೂ ಬೆರಳಿಗೆ ಚೂಪಾಗಿ ತಾಗುತ್ತದೆ. ಎರಡನೇ ರಾಶಿಯವು ಸವೆದ ಸೋಪಿನ ಹಾಗೆ ದುಂಡಗಾಗಿವೆ. ಹತ್ತರಲ್ಲಿ ಎರಡು ಅಡ್ಡಕ್ಕೆ ಬಿಚ್ಚಿಕೊಂಡಿವೆ, ಪ್ರೆಸ್ಸಿನ ತಂಡದವನು ಅವತ್ತು ತೋರಿಸಿದ ಕೂದಲೆಳೆ ಬಿರುಕಿನ ಜಾಗದಲ್ಲೇ. ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ, ನಾನು ತಕ್ಕಡಿ ತೆಗೆದುಕೊಂಡು ಹೋಗಿ ಒಂದೊಂದನ್ನೂ ತೂಗಿ ಬರೆದುಕೊಳ್ಳುತ್ತೇನೆ. ಅಜ್ಜಿ ಜಗುಲಿಯಲ್ಲಿ ಕೂತು ನಂಬರ್ ಕೂಗುತ್ತಾರೆ.